ಅನ್ನನಾಳದ ಕ್ಯಾನ್ಸರಿನ ಆದ್ಯಾವಸ್ಥೆ: ಲಕ್ಷಣವಾಕ್ಯಗಳ ವಿಮರ್ಶೆ

ಶಾಸ್ತ್ರವೊಂದರ ಬಲಾಬಲಗಳು ಅದರ ಲಕ್ಷಣವಾಕ್ಯಗಳಲ್ಲಿ ಗೊತ್ತಾಗುತ್ತವೆ. ಕಾವ್ಯಕ್ಕೆ ಲಕ್ಷಣ ಹೇಳುವವನು ಎಡವಿದರೆ ಒಂದು ಸತ್ಕಾವ್ಯಕ್ಕೆ ಅನ್ಯಾಯವಾದೀತು. ರೋಗಕ್ಕೆ ಲಕ್ಷಣ ಹೇಳುವವನು ಎಡವಿದರೆ ಒಂದು ಜೀವಕ್ಕೇ ಹಾನಿ. ಹೀಗಿದ್ದರೂ ದಂಡಿ ಮಮ್ಮಟರ ಲಕ್ಷಣಗಳನ್ನು ಜರಡಿ ಹಿಡಿದಷ್ಟು ಶ್ರದ್ಧೆಯಿಂದ ಆಧುನಿಕ ವೈದ್ಯದ ಲಕ್ಷಣಗಳನ್ನು ಪರಿಶೀಲಿಸುವ ವಾಡಿಕೆ ನಮ್ಮ ವಿದ್ವದ್ವರ್ಗದಲ್ಲಿ ಬೆಳೆದಿಲ್ಲ. ಆ ಶಾಸ್ತ್ರವು ನಮಗೆ ಪರಕೀಯವೆಂಬುದು ಸಾಮಾನ್ಯವಾಗಿ ಕೊಡುವ ಸಮಾಧಾನ. ಆದರೆ ಅದರ ಮಾತುಗಳು ದಿನದಿನವೂ ಕನ್ನಡಕ್ಕೆ ಬರುತ್ತಿವೆ. ಅವಕ್ಕೆ ಪ್ರತಿಶಬ್ದಗಳನ್ನು ಕೊಡಿರೆಂದು ಕೇಳುವವರು ಬರುವುದು ಭಾಷಾಪಂಡಿತರ ಬಾಗಿಲಿಗೇ. ಚಿಕಿತ್ಸೆಯಲ್ಲಿ ಅಧಿಕಾರವು ವೈದ್ಯರದು; ವಾಕ್ಯಪರೀಕ್ಷೆಯಲ್ಲಿ ಅಧಿಕಾರವೂ ಹೊಣೆಯೂ ನಮ್ಮವು.

ಅನ್ನನಾಳದ ಕ್ಯಾನ್ಸರನ್ನು ಆದ್ಯಾವಸ್ಥೆಯಲ್ಲಿಯೇ ಕಂಡುಹಿಡಿಯುವುದಕ್ಕಾಗಿ ಎಂಡೊಸ್ಕೋಪ್ ಪರೀಕ್ಷಕರು ಮಾಡಿಕೊಂಡಿರುವ ಲಕ್ಷಣಗಳನ್ನೂ ವಿಭಾಗಗಳನ್ನೂ ಪ್ರಕೃತ ಲೇಖನದಲ್ಲಿ ವಿಮರ್ಶಿಸಲಾಗಿದೆ. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ಲಕ್ಷಣದೋಷಗಳು ತರ್ಕಶಾಸ್ತ್ರದಲ್ಲಿ ಪ್ರಸಿದ್ಧವಾಗಿವೆ. ಇಲ್ಲಿ ಅವ್ಯಾಪ್ತಿಯೆಂದರೆ ರೋಗವಿರುವವನನ್ನು ನಿರೋಗಿಯೆಂದು ಮನೆಗೆ ಕಳುಹಿಸುವುದು. ಅತಿವ್ಯಾಪ್ತಿಯೆಂದರೆ ರೋಗವಿಲ್ಲದವನನ್ನು ರೋಗಿಯೆಂದು ಹೆದರಿಸುವುದು. ಹಳೆಯ ಒರೆಗಲ್ಲು ಹೊಸ ಲೋಹಕ್ಕೂ ಸಲ್ಲುವುದೆಂಬುದನ್ನು ವಾಚಕರು ಮುಂದೆ ನೋಡುವರು.

೧. ದರ್ಶನದ ಅವಶ್ಯಕತೆ

ಅನ್ನನಾಳದ ಒಳಗೋಡೆಯು ಪದರಪದರವಾಗಿರುತ್ತದೆ. ಎಲ್ಲಕ್ಕೂ ಮೇಲೆ ಹೊದಿಕೆಯ ಪದರ. ಅದರ ಕೆಳಗೆ ಒಂದು ತೆಳುವಾದ ಆಧಾರಪದರ. ಅದರಡಿಯಲ್ಲಿ ಸೂಕ್ಷ್ಮವಾದ ಸ್ನಾಯುಪದರ. ಈ ಮೂರೂ ಸೇರಿ ಲೋಳೆಪೊರೆಯೆನಿಸುತ್ತವೆ. ಅದರ ಕೆಳಗಿರುವುದು ಲೋಳೆಪೊರೆಯ ಅಡಿಪದರ. ಆಮೇಲೆ ದಪ್ಪನಾದ ಸ್ನಾಯು. ಕ್ಯಾನ್ಸರ್ ಹುಟ್ಟುವುದು ಮೇಲಿನ ಹೊದಿಕೆಯಲ್ಲಿ. ಅದು ಹೊದಿಕೆಯಲ್ಲಿಯೋ ಆಧಾರಪದರದಲ್ಲಿಯೋ ನಿಂತಿರುವವರೆಗೆ ದುಗ್ಧಗ್ರಂಥಿಗಳಿಗೆ ಹರಡುವುದು ವಿರಳ. ಆಗ ಎಂಡೊಸ್ಕೋಪಿನ ಮೂಲಕವೇ ಆ ಭಾಗವನ್ನು ಸುಲಿದು ತೆಗೆಯಬಹುದು, ಅನ್ನನಾಳವು ಉಳಿಯುತ್ತದೆ. ಅಡಿಪದರದ ಆಳಕ್ಕೆ ಇಳಿದ ಮೇಲೆ ಹರಡುವ ಭಯವು ಬಹಳವಾಗಿ ಹೆಚ್ಚುತ್ತದೆ. ಆಗ ಅನ್ನನಾಳವನ್ನೇ ಕತ್ತರಿಸಬೇಕಾದೀತು, ಇಲ್ಲವೆ ವಿಕಿರಣ ಮತ್ತು ಔಷಧಗಳ ಕಠಿನ ಚಿಕಿತ್ಸೆಗೆ ಒಳಗಾಗಬೇಕಾದೀತು. ರೋಗಿಗೆ ತಿಳಿಯುವ ಮೊದಲ ಚಿಹ್ನೆಯಾದರೋ ಅನ್ನ ನುಂಗುವಾಗಿನ ತಡೆ. ಆ ತಡೆ ತೋರುವ ಹೊತ್ತಿಗೆ ರೋಗವು ಸಾಮಾನ್ಯವಾಗಿ ಆಳಕ್ಕೆ ಇಳಿದಿರುತ್ತದೆ. ಆದುದರಿಂದ ರೋಗಿಯ ಮಾತನ್ನು ಕಾಯದೆ ಪರೀಕ್ಷಕನು ತಾನಾಗಿ ನೋಡಬೇಕು.

ನೋಡುವ ಸಾಧನದ ಚರಿತ್ರೆಯನ್ನು ಸಂಗ್ರಹವಾಗಿ ಹೇಳಬಹುದು. ೧೮೬೮ರಲ್ಲಿ ಜರ್ಮನಿಯ ಫ್ರೈಬುರ್ಗಿನಲ್ಲಿ ಕುಸ್‌ಮೌಲ್ ಎಂಬ ವೈದ್ಯನು ಕತ್ತಿ ನುಂಗುವ ಆಟಗಾರನೊಬ್ಬನ ಗಂಟಲಿನಲ್ಲಿ ನೆಟ್ಟನೆಯ ಕೊಳವೆಯನ್ನು ಇಳಿಸಿ ನೋಡಿದನು. ೧೯೫೭ರಲ್ಲಿ ಹಿರ್ಷೊವಿಟ್ಸ್ ಎಂಬಾತನು ಗಾಜಿನ ಎಳೆಗಳ ಮೂಲಕ ಬೆಳಕು ಸಾಗುವ, ಬಾಗಿ ಬಳುಕುವ ಸಾಧನವನ್ನು ತೋರಿಸಿದನು. ಆಮೇಲೆ ಗಾಜಿನ ಎಳೆಗೆ ಬದಲಾಗಿ ಸಾಧನದ ತುದಿಯಲ್ಲಿಯೇ ಕ್ಯಾಮರಾ ಬಂದಿತು.

ಇಲ್ಲಿ ಕೆಲವರು ಇವೆಲ್ಲ ಸುಶ್ರುತನಲ್ಲಿಯೇ ಉಂಟೆಂದು ಹೇಳುವರು. ಸುಶ್ರುತನು ಎಣಿಸಿರುವ ೧೦೧ ಯಂತ್ರಗಳಲ್ಲಿ ೨೦ ನಾಡೀಯಂತ್ರಗಳಿರುವುದೂ, ಅವುಗಳ ಪ್ರಯೋಜನಗಳಲ್ಲಿ ಸ್ರೋತಸ್ಸುಗಳೊಳಗಿನ ರೋಗವನ್ನು ನೋಡುವುದೂ ಒಂದಾಗಿರುವುದೂ ನಿಜ. ಕೊಳವೆಯ ಮೂಲಕ ರೋಗವನ್ನು ನೋಡಬೇಕೆಂಬ ಬುದ್ಧಿ ಆ ಮಹಾನುಭಾವನಿಗೆ ಇದ್ದಿತೆಂಬಷ್ಟೇ ಇದರಿಂದ ಸಿದ್ಧವಾಗುವುದು. ಅನ್ನನಾಳದ ಉದ್ದಕ್ಕೂ ಬೆಳಕು ಹಾಯಿಸಿ ಕೂದಲಿಗಿಂತ ಸಣ್ಣ ರಕ್ತನಾಳಗಳನ್ನು ನೋಡುವ ವಿದ್ಯೆ ಅದರಲ್ಲಿಲ್ಲ. ಇಲ್ಲದ್ದನ್ನು ಪೂರ್ವಿಕರ ಮೇಲೆ ಹೊರಿಸುವುದು ಅವರಿಗೆ ಗೌರವವಾಗಲಾರದು.

೨. ‘ಆರಂಭ’ ಶಬ್ದದ ವಿಚಾರ

ಇಂಗ್ಲಿಷಿನಲ್ಲಿ ‘ಅರ್ಲಿ’ ಎಂಬ ವಿಶೇಷಣವಿರುವಲ್ಲೆಲ್ಲ ಕನ್ನಡದಲ್ಲಿ ‘ಆರಂಭಿಕ’ ಎಂದೋ ‘ಆರಂಭದ ಹಂತದ’ ಎಂದೋ ಬರೆಯುವುದು ರೂಢಿಯಾಗಿದೆ. ‘ಅರ್ಲಿ’ ಎಂಬುದು ಮೇಲ್ನೋಟಕ್ಕೆ ಕಾಲವಾಚಕ. ಆದರೆ ಜಪಾನಿನ ವಿದ್ವಾಂಸರು ಅನ್ನನಾಳದ ವಿಷಯದಲ್ಲಿ ಅದಕ್ಕೆ ಕೊಟ್ಟಿರುವ ಲಕ್ಷಣದಲ್ಲಿ ಕಾಲದ ಸುದ್ದಿಯೇ ಇಲ್ಲ. ಲೋಳೆಪೊರೆಯನ್ನು ದಾಟದಿರುವ ಕ್ಯಾನ್ಸರ್ ‘ಅರ್ಲಿ’. ಅಡಿಪದರದವರೆಗೆ ಬಂದು ಸ್ನಾಯುವನ್ನು ಮುಟ್ಟದಿರುವುದು ‘ಸೂಪರ್‌ಫಿಶಿಯಲ್’. ದುಗ್ಧಗ್ರಂಥಿಗೆ ಹರಡಿದ್ದರೂ ಹರಡದಿದ್ದರೂ ಈ ಹೆಸರುಗಳು ಬದಲಾಗುವುದಿಲ್ಲ. ಎರಡೂ ಆಳದ ಅಳತೆಗಳೇ ಹೊರತು ಕಾಲದ ಅಳತೆಗಳಲ್ಲ.

‘ಆರಂಭಿಕ’ವೆಂಬ ಮಾತನ್ನು ಕೇಳಿದ ರೋಗಿ ಏನೆಂದು ತಿಳಿಯುವನು? ರೋಗವು ನಿನ್ನೆಯೋ ಮೊನ್ನೆಯೋ ಹುಟ್ಟಿತು, ಬಲಿಯುವುದಕ್ಕೆ ಕಾಲವಿದೆ, ಸುಗ್ಗಿ ಕಳೆದ ಮೇಲೆ ನೋಡೋಣ ಎಂದು ತಿಳಿಯುವನು. ವಾಸ್ತವದಲ್ಲಿ ಆ ಕ್ಯಾನ್ಸರ್ ಬಹುಕಾಲ ಮೇಲುಪದರದಲ್ಲಿಯೇ ಹಬ್ಬಿಕೊಂಡಿದ್ದು ಈಗ ಕೆಳಗಿಳಿಯುವ ಅಂಚಿನಲ್ಲಿರಬಹುದು. ಕಾಲವಾಚಕವಾದ ಶಬ್ದವು ಇಲ್ಲಿ ಅರ್ಥಬಾಧೆಯನ್ನಷ್ಟೇ ಅಲ್ಲದೆ ಪ್ರಾಣಬಾಧೆಯನ್ನೂ ತಂದೀತು.

ನಮ್ಮ ವೈದ್ಯಗ್ರಂಥಗಳಲ್ಲಿಯೇ ಇದಕ್ಕೆ ಯೋಗ್ಯವಾದ ಒಂದು ಜೋಡಿಯಿದೆ. ವಾತರಕ್ತವನ್ನು ಹೇಳುವಲ್ಲಿ ಚರಕನು ಅದನ್ನು ಉತ್ತಾನ, ಗಂಭೀರ ಎಂದು ಎರಡಾಗಿ ವಿಂಗಡಿಸಿದ್ದಾನೆ: ಮೇಲೆ ನಿಂತದ್ದು ಉತ್ತಾನ, ಆಳಕ್ಕಿಳಿದದ್ದು ಗಂಭೀರ. ಎರಡೂ ಆಳವನ್ನೇ ಹೇಳುತ್ತವೆ. ‘ಉತ್ತಾನ ಕ್ಯಾನ್ಸರ್’ ಎಂಬ ಮಾತು ‘ಸೂಪರ್‌ಫಿಶಿಯಲ್’ ಎಂಬುದಕ್ಕೆ ನೇರವಾಗಿ ಒಪ್ಪುತ್ತದೆ. ‘ಅರ್ಲಿ’ಯನ್ನಾದರೋ ‘ಲೋಳೆಪೊರೆಯನ್ನು ದಾಟದ’ ಎಂದು ಬಿಡಿಸಿ ಹೇಳುವುದೇ ಲೇಸು. ಎರಡಕ್ಷರ ಹೆಚ್ಚಾದರೂ ಸಂದೇಹ ಕಡಿಮೆಯಾಗುತ್ತದೆ.

೩. ‘ಅರ್ಬುದ’ ಶಬ್ದದ ವಿಚಾರ

ಕ್ಯಾನ್ಸರಿಗೆ ‘ಅರ್ಬುದ’ವೆಂಬ ಪರ್ಯಾಯವನ್ನು ಸಂಸ್ಕೃತಾಭಿಮಾನಿಗಳು ಬಳಸುವುದುಂಟು. ಪ್ರಕೃತ ಲೇಖಕನೂ ಆ ವರ್ಗಕ್ಕೇ ಸೇರಿದವನಾದರೂ ಈ ಶಬ್ದವನ್ನು ಇಲ್ಲಿ ಒಪ್ಪಲಾರನು. ಸುಶ್ರುತನ ನಿದಾನಸ್ಥಾನದಲ್ಲಿ ಅರ್ಬುದವೆಂದರೆ ದುಂಡಗೆ, ಸ್ಥಿರವಾಗಿ, ದೊಡ್ಡದಾಗಿ, ಬೇರುಬಿಟ್ಟು ನಿಧಾನವಾಗಿ ಬೆಳೆಯುವ, ಕೀವುಗಟ್ಟದ ಮಾಂಸದ ಉಬ್ಬು. ಅನ್ನನಾಳದ ಉತ್ತಾನ ಕ್ಯಾನ್ಸರಾದರೋ ಬಹುಮಟ್ಟಿಗೆ ಉಬ್ಬಿರುವುದೇ ಇಲ್ಲ. ಅದು ಸಮತಲವಾಗಿರಬಹುದು, ಕೊಂಚ ತಗ್ಗಿರಬಹುದು, ಕೇವಲ ಬಣ್ಣದ ಅಲ್ಪಭೇದವಾಗಿರಬಹುದು. ಉಬ್ಬಿಲ್ಲದ್ದನ್ನು ಉಬ್ಬೆಂಬ ಲಕ್ಷಣದಿಂದ ಗುರುತಿಸಹೋದರೆ ಲಕ್ಷ್ಯದ ಬಹುಭಾಗವು ಹೊರಗುಳಿಯುತ್ತದೆ. ‘ಗಡ್ಡೆ’ ಎಂಬ ನಾಡಮಾತಿಗೂ ಇದೇ ದೋಷ. ಗಡ್ಡೆಯಿಲ್ಲವೆಂದು ಕೇಳಿದವನು ಕ್ಯಾನ್ಸರಿಲ್ಲವೆಂದೇ ಸಮಾಧಾನಪಡುವನು. ‘ಕ್ಯಾನ್ಸರ್’ ಶಬ್ದದ ಮೂಲಾರ್ಥವೂ ಏಡಿಯೆಂಬ ಒಂದು ಚಿತ್ರವೇ. ಆದರೆ ಕನ್ನಡಿಗರ ಕಿವಿಯಲ್ಲಿ ಆ ಯೌಗಿಕಾರ್ಥವು ಏಳುವುದಿಲ್ಲ, ಅದು ಶುದ್ಧ ರೂಢಶಬ್ದ. ಶಾಸ್ತ್ರಕ್ಕೆ ಅಂಥ ಶಬ್ದವೇ ಕ್ಷೇಮ.

ಆಕಾರಭೇದಗಳಿಗಾಗಿ ೨೦೦೨ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ವಾಂಸರು ಸೇರಿ ಮಾಡಿದ ವಿಭಾಗವನ್ನು ಇಲ್ಲಿಯೇ ನೋಡಬಹುದು. ಅದರಲ್ಲಿ ಸೊನ್ನೆಯಿಂದ ಆರಂಭವಾಗುವ ಮೂರು ವರ್ಗಗಳು: ಮೇಲಕ್ಕೆ ಚಾಚಿದ್ದು ಒಂದು, ಗುಳಿಬಿದ್ದದ್ದು ಮೂರು, ಎರಡೂ ಅಲ್ಲದ್ದು ಎರಡು. ಎರಡನೆಯದರಲ್ಲಿ ಅಲ್ಪವಾಗಿ ಎದ್ದದ್ದು, ಸಮತಲವಾದದ್ದು, ಅಲ್ಪವಾಗಿ ತಗ್ಗಿದ್ದು ಎಂದು ಮತ್ತೆ ಮೂರು ಭೇದ. ಚಾಚಿಲ್ಲದ ವರ್ಗದೊಳಗೆ ಎದ್ದದ್ದನ್ನು ಹೇಗೆ ಸೇರಿಸಿದರು ಎಂದು ಆಕ್ಷೇಪ ಬರಬಹುದು. ಇದು ವ್ಯಾಘಾತವಲ್ಲ. ‘ಚಾಚಿದ್ದು’ ಎಂಬುದನ್ನು ಇಲ್ಲಿ ಲೋಕಾರ್ಥದಲ್ಲಿ ತೆಗೆದುಕೊಳ್ಳದೆ, ಎತ್ತರಕ್ಕೆ ಒಂದು ಮಿತಿಯನ್ನು ಗೊತ್ತುಮಾಡಿ, ಅದನ್ನು ಮೀರಿದ್ದಕ್ಕೆ ಮಾತ್ರ ಆ ಸಂಜ್ಞೆಯನ್ನು ಕೊಟ್ಟಿದ್ದಾರೆ. ಪಾಣಿನಿಯು ವೃದ್ಧಿಯೆಂಬ ಲೋಕಶಬ್ದಕ್ಕೆ ತನ್ನ ಶಾಸ್ತ್ರದಲ್ಲಿ ಬೇರೆ ಅರ್ಥ ವಿಧಿಸಿದಂತೆ ಇದೂ ಪಾರಿಭಾಷಿಕ. ಪರಿಭಾಷೆಯನ್ನು ಮೊದಲೇ ಹೇಳಿರುವುದರಿಂದ ದೋಷವಿಲ್ಲ. ಅದನ್ನು ಬಿಟ್ಟು ಭಾಷಾಂತರಿಸಿದರೆ ಮಾತ್ರ ದೋಷ.

೪. ಹೇತುವಿನ ವಿಚಾರ

ಎಂಡೊಸ್ಕೋಪಿನಿಂದ ಕ್ಯಾನ್ಸರನ್ನು ‘ಕಂಡೆವು’ ಎನ್ನುತ್ತಾರೆ. ಕಾಣುವುದು ಬಣ್ಣವೂ ರೇಖೆಯೂ. ಕ್ಯಾನ್ಸರಿದೆಯೆಂಬುದು ಅವುಗಳಿಂದ ಮಾಡಿದ ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವವನು ಬೆಂಕಿಯನ್ನು ಕಂಡೆನೆನ್ನಬಾರದು. ಅನುಮಾನವೆಂದಮೇಲೆ ಅದರ ಹೇತುವು ಸದ್ಧೇತುವೋ ಹೇತ್ವಾಭಾಸವೋ ಎಂದು ಪರೀಕ್ಷಿಸಲೇಬೇಕು.

ಮೊದಲನೆಯ ಹೇತು ಅಯೋಡೀನಿನದು. ೧೮೨೯ರಲ್ಲಿ ಫ್ರಾನ್ಸಿನ ವೈದ್ಯ ಲ್ಯುಗೋಲ್ ಸಿದ್ಧಪಡಿಸಿದ ಅಯೋಡೀನ್ ದ್ರಾವಣವನ್ನು ಅನ್ನನಾಳದ ಮೇಲೆ ಸಿಂಪಡಿಸುತ್ತಾರೆ. ಆರೋಗ್ಯವಾದ ಹೊದಿಕೆಯ ಕೋಶಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟಸದೃಶ ದ್ರವ್ಯವಿರುವುದರಿಂದ ಅದು ಕಂದುಬಣ್ಣ ತಾಳುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಆ ದ್ರವ್ಯವು ಕ್ಷೀಣಿಸಿರುವುದರಿಂದ ಆ ಭಾಗವು ಬಣ್ಣ ಹಿಡಿಯದೆ ಉಳಿಯುತ್ತದೆ. ಕ್ಯಾನ್ಸರಿರುವಲ್ಲಿ ಪ್ರಾಯಶಃ ಬಣ್ಣ ಹಿಡಿಯದು. ಈ ವ್ಯಾಪ್ತಿ ಬಲವಾದುದು. ಆದರೆ ಅನುಮಾನಕ್ಕೆ ಬೇಕಾದುದು ಇದರ ವಿಪರ್ಯಯ: ಬಣ್ಣ ಹಿಡಿಯದಿರುವಲ್ಲೆಲ್ಲ ಕ್ಯಾನ್ಸರ್. ಅದು ನಿಲ್ಲದು, ಉರಿಯೂತದಿಂದ ತೆಳುವಾದ ಹೊದಿಕೆಯೂ ಬಣ್ಣ ಹಿಡಿಯುವುದಿಲ್ಲ. ಹೇತುವು ಸವ್ಯಭಿಚಾರವಾಯಿತು. ಇದನ್ನು ಪರಿಹರಿಸಲು ಜಪಾನಿನವರು ಒಂದು ವಿಶೇಷಣವನ್ನು ಸೇರಿಸಿದ್ದಾರೆ: ಬಣ್ಣ ಹಿಡಿಯದ ಭಾಗವು ಕೆಲವು ನಿಮಿಷಗಳಲ್ಲಿ ನಸುಗೆಂಪಾದರೆ ಅದು ತೀವ್ರ ವಿಕಾರದ ಚಿಹ್ನೆ. ಹೇತುವಿಗೆ ವಿಶೇಷಣವಿತ್ತು ವ್ಯಭಿಚಾರವನ್ನು ವಾರಿಸುವ ಈ ಕ್ರಮವು ನಮ್ಮ ನವ್ಯನೈಯಾಯಿಕರಿಗೆ ಸಮ್ಮತವಾದುದೇ. ದ್ರಾವಣವು ಎದೆಯಲ್ಲಿ ಉರಿಯನ್ನುಂಟುಮಾಡುವುದೊಂದು ಕೊರತೆ.

ಎರಡನೆಯದು ಬೆಳಕಿನ ಹೇತು. ಇದನ್ನು ‘ನ್ಯಾರೋ ಬ್ಯಾಂಡ್ ಇಮೇಜಿಂಗ್’ ಎನ್ನುವರು. ಬಿಳಿಯ ಬೆಳಕಿಗೆ ಬದಲಾಗಿ ೪೧೫ ಮತ್ತು ೫೪೦ ನ್ಯಾನೋಮೀಟರಿನ ಆಸುಪಾಸಿನ ತರಂಗಗಳನ್ನು ಮಾತ್ರ ಬಿಡುತ್ತಾರೆ. ರಕ್ತದ ಹೀಮೋಗ್ಲೋಬಿನ್ ಈ ತರಂಗಗಳನ್ನು ಹೆಚ್ಚಾಗಿ ಹೀರುತ್ತದೆ. ಮೊದಲನೆಯ ತರಂಗವು ಆಳಕ್ಕೆ ಹೋಗದೆ ಮೇಲಿನ ಸೂಕ್ಷ್ಮನಾಳಗಳನ್ನು ಕಂದಾಗಿ ತೋರಿಸುತ್ತದೆ. ಎರಡನೆಯದು ಕೊಂಚ ಆಳಕ್ಕಿಳಿದು ಅಲ್ಲಿಯ ನಾಳಗಳನ್ನು ಹಸಿರುನೀಲಿಯಾಗಿ ತೋರಿಸುತ್ತದೆ. ಕ್ಯಾನ್ಸರ್ ತಾಣವು ಕಂದುಮಚ್ಚೆಯಾಗಿ ಎದ್ದು ಕಾಣುತ್ತದೆ. ಇದನ್ನು ‘ಸಂಕುಚಿತ ಪಟ್ಟಿಯ ಚಿತ್ರಣ’ವೆಂದು ಕನ್ನಡಿಸಿದರೆ ಓದುಗನಿಗೆ ಗಾಯಕ್ಕೆ ಕಟ್ಟುವ ಪಟ್ಟಿಯೋ ಹೆಸರುಗಳ ಪಟ್ಟಿಯೋ ನೆನಪಾದೀತು. ‘ಮಿತತರಂಗದರ್ಶನ’ವೆಂಬುದು ಅರ್ಥಕ್ಕೆ ಹತ್ತಿರ; ಮುಂದೆ ಅದನ್ನೇ ಬಳಸಲಾಗುವುದು.

ಮಿತತರಂಗದರ್ಶನದ ಬಲವನ್ನು ತೋರಿಸುವ ಪ್ರಸಿದ್ಧ ಪರೀಕ್ಷೆಯೊಂದು ೨೦೧೦ರಲ್ಲಿ ಪ್ರಕಟವಾಯಿತು. ಜಪಾನಿನ ಮುತೋ ಮತ್ತು ಸಂಗಡಿಗರು ೩೨೦ ರೋಗಿಗಳನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಅನ್ನನಾಳದ ಉತ್ತಾನ ಕ್ಯಾನ್ಸರುಗಳಲ್ಲಿ ಬಿಳಿಯ ಬೆಳಕು ನೂರಕ್ಕೆ ೫೫ನ್ನೂ, ಮಿತತರಂಗದರ್ಶನವು ನೂರಕ್ಕೆ ೯೭ನ್ನೂ ಕಂಡುಹಿಡಿದವು. ಅಂತರವು ಅಗಾಧವಾದುದು, ಬಿಳಿಯ ಬೆಳಕಿನ ಅವ್ಯಾಪ್ತಿ ಎಷ್ಟೆಂಬುದು ಇದರಿಂದ ಸ್ಪಷ್ಟ. ಆದರೆ ಇಲ್ಲಿ ಪಕ್ಷವಾವುದೆಂಬುದನ್ನು ಮರೆಯಬಾರದು. ಇವರು ಅನ್ನನಾಳದ ಕ್ಯಾನ್ಸರ್ ಇದೆಯೆಂದು ಆಗಲೇ ಗೊತ್ತಾಗಿದ್ದ ರೋಗಿಗಳು. ಕಳ್ಳನಿದ್ದಾನೆಂದು ತಿಳಿದ ಮನೆಯಲ್ಲಿ ಹುಡುಕುವವನ ಕಣ್ಣಿಗೂ, ಬೀದಿಯ ಮನೆಗಳನ್ನೆಲ್ಲ ನೋಡಿಕೊಂಡು ಹೋಗುವವನ ಕಣ್ಣಿಗೂ ಭೇದವುಂಟು. ಈ ೯೭ನ್ನು ಸಾಮಾನ್ಯ ಜನರ ಪರೀಕ್ಷೆಗೆ ಹಾಗೆಯೇ ಹೊರಿಸುವುದು ಪಕ್ಷಾಂತರದ ದೋಷ. ಆ ದೋಷವು ಪರೀಕ್ಷಕರದಲ್ಲ. ಸಂಖ್ಯೆಯನ್ನು ಮಾತ್ರ ಕಿತ್ತು ಬರೆಯುವವರದು.

೫. ಜಪಾನೀ ಸೂತ್ರಗಳು

ಮಿತತರಂಗದರ್ಶನದೊಡನೆ ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಹೊದಿಕೆಯೊಳಗೆ ಕುಣಿಕೆಯಂತೆ ಬಾಗಿರುವ ಸೂಕ್ಷ್ಮನಾಳಗಳು ಕಾಣುತ್ತವೆ. ಇವುಗಳ ವಿಕಾರಕ್ಕೂ ರೋಗದ ಆಳಕ್ಕೂ ಸಂಬಂಧವಿದೆಯೆಂದು ತೋರಿಸಿದವರಲ್ಲಿ ಇನೌಯೆ ಎಂಬಾತನು ಮುಖ್ಯನು. ತರುವಾಯ ಜಪಾನಿನ ಅನ್ನನಾಳ ಸಂಘವು ಒಂದು ಸರಳ ವಿಭಾಗವನ್ನು ಮಾಡಿತು. ವಿಕಾರವಿಲ್ಲದ ಅಥವಾ ಅಲ್ಪವಿಕಾರದ ನಾಳಗಳು ‘ಎ’, ತೀವ್ರವಿಕಾರದವು ‘ಬಿ’. ಅದರಲ್ಲಿ ಕುಣಿಕೆಯ ಆಕಾರ ಉಳಿದಿದ್ದರೆ ‘ಬಿ ೧’, ರೋಗವು ಹೊದಿಕೆ ಅಥವಾ ಆಧಾರಪದರದಲ್ಲಿದೆ. ಕುಣಿಕೆಯ ಆಕಾರ ಅಳಿದಿದ್ದರೆ ‘ಬಿ ೨’, ಸೂಕ್ಷ್ಮಸ್ನಾಯುವನ್ನೋ ಅಡಿಪದರದ ಮೇಲಂಚನ್ನೋ ಮುಟ್ಟಿದೆ. ನಾಳಗಳು ಬಿ ೨ರ ನಾಳಗಳ ಮೂರು ಪಟ್ಟನ್ನು ಮೀರಿ ದಪ್ಪವಾಗಿದ್ದರೆ ‘ಬಿ ೩’, ಅಡಿಪದರದ ಆಳಕ್ಕಿಳಿದಿದೆ.

ಸೂತ್ರಕ್ಕೆ ಬೇಕಾದ ಅಲ್ಪಾಕ್ಷರತ್ವವು ಇದರಲ್ಲಿ ಪೂರ್ಣವಾಗಿದೆ. ಅಸಂದಿಗ್ಧತ್ವವು ಎಲ್ಲಕ್ಕೂ ಸಮನಾಗಿಲ್ಲ. ಬಿ ೧ರ ಲಕ್ಷಣವು ವಿಧಿಮುಖವಾದುದು: ಕುಣಿಕೆ ಇದೆ. ಬಿ ೨ರದು ನಿಷೇಧಮುಖ: ಕುಣಿಕೆ ಇಲ್ಲ. ನಿಷೇಧಮುಖ ಲಕ್ಷಣದೊಳಗೆ ಬೇಡದ ಪದಾರ್ಥಗಳು ನುಸುಳುವುದು ಸಹಜ. ಕ್ಯಾನ್ಸರ್ ತಾಣದಲ್ಲಿ ಉರಿಯೂತವೋ ಸವೆತವೋ ಇದ್ದರೆ ಅಲ್ಲಿಯೂ ಕುಣಿಕೆಗಳು ಅಳಿದು, ಆಳಕ್ಕಿಳಿಯದ ರೋಗವು ಇಳಿದಂತೆ ತೋರುತ್ತದೆ. ಈ ಮೂರರಲ್ಲಿ ಬಿ ೨ರ ನಿರ್ಣಯವೇ ದುರ್ಬಲವೆಂದು ಆ ನಾಡಿನ ವೈದ್ಯರೇ ಒಪ್ಪುತ್ತಾರೆ. ಬಿ ೩ರ ಲಕ್ಷಣವು ಬಿ ೨ನ್ನು ಅಳತೆಗೋಲಾಗಿ ಇಟ್ಟುಕೊಂಡಿರುವುದರಿಂದ ಪರಾಶ್ರಿತ. ಕೋಲು ಸಂದಿಗ್ಧವಾದರೆ ಅಳತೆಯೂ ಸಂದಿಗ್ಧ. ಇದು ಶುಷ್ಕತರ್ಕವಲ್ಲ. ಅನ್ನನಾಳವನ್ನು ಉಳಿಸಬೇಕೆ ಕತ್ತರಿಸಬೇಕೆ ಎಂಬ ನಿರ್ಧಾರವು ಬಹಳ ಸಲ ಈ ಬಿ ೨ರ ಸುತ್ತಲೇ ತಿರುಗುತ್ತದೆ. ಸೂತ್ರಕಾರರು ‘ಕುಣಿಕೆ ಇಲ್ಲ’ ಎಂಬುದಕ್ಕೆ ‘ಉರಿಯೂತವಿಲ್ಲದಿರಲಾಗಿ’ ಎಂಬ ವಿಶೇಷಣವನ್ನು ಸೇರಿಸಿದ್ದರೆ ಲಕ್ಷಣವು ಹೆಚ್ಚು ಗಟ್ಟಿಯಾಗುತ್ತಿತ್ತೆಂದು ನಮ್ಮ ಅಭಿಪ್ರಾಯ.

೬. ಪಾಶ್ಚಾತ್ಯರ ಲಕ್ಷಣಗಳು

ಮೇಲೆ ಹೇಳಿದುದೆಲ್ಲ ಅನ್ನನಾಳದ ಸಹಜವಾದ ಹೊದಿಕೆಯಲ್ಲಿ ಹುಟ್ಟುವ ಕ್ಯಾನ್ಸರಿಗೆ ಸಂಬಂಧಿಸಿದುದು. ಪೂರ್ವದೇಶಗಳಲ್ಲಿಯೂ ನಮ್ಮಲ್ಲಿಯೂ ಹೆಚ್ಚಾಗಿರುವುದು ಅದೇ. ಬೆಂಗಳೂರಿನಲ್ಲಿ ೧೯೮೨ರಿಂದ ನಡೆದುಬಂದ ಕ್ಯಾನ್ಸರ್ ದಾಖಲೆಯಲ್ಲಿ ಅನ್ನನಾಳವು ಪ್ರಮುಖ ತಾಣಗಳಲ್ಲೊಂದು. ಪಾಶ್ಚಾತ್ಯರಲ್ಲಿ ಅಧಿಕವಾಗಿರುವುದು ಬೇರೊಂದು ಜಾತಿ: ಜಠರದ ಆಮ್ಲವು ಮೇಲುಕ್ಕಿ ಅನ್ನನಾಳದ ಕೆಳಭಾಗದ ಹೊದಿಕೆಯೇ ಮಾರ್ಪಟ್ಟು, ಅದರಲ್ಲಿ ಹುಟ್ಟುವುದು. ಆ ಮಾರ್ಪಾಟಿಗೆ ಬ್ಯಾರೆಟ್ ಎಂಬ ಶಸ್ತ್ರವೈದ್ಯನ ಹೆಸರಿದೆ. ೧೯೫೦ರಲ್ಲಿ ಆತನು ಅದನ್ನು ಮೇಲಕ್ಕೆಳೆಯಲ್ಪಟ್ಟ ಜಠರವೆಂದು ವಾದಿಸಿದ್ದನು. ೧೯೫೩ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟನ್ ಅದು ಅನ್ನನಾಳವೇ ಎಂದು ತೋರಿಸಿದರು. ೧೯೫೭ರಲ್ಲಿ ಬ್ಯಾರೆಟ್ ಅದನ್ನು ಒಪ್ಪಿದನು. ಹೆಸರು ಮಾತ್ರ ಪೂರ್ವಪಕ್ಷಿಯದೇ ನಿಂತಿತು! ಇಂದಿಗೂ ಆ ಮಾರ್ಪಾಟಿನ ಲಕ್ಷಣದಲ್ಲಿ ಐಕಮತ್ಯವಿಲ್ಲ. ಕರುಳಿನ ಬಗೆಯ ಕೋಶಗಳು ಇರಲೇಬೇಕೆಂದು ಅಮೆರಿಕದವರು. ಅವು ಅನಿವಾರ್ಯವಲ್ಲವೆಂದು ಬ್ರಿಟಿಷರು.

ಅದರ ವಿಸ್ತಾರವನ್ನು ಹೇಳಲು ೨೦೦೬ರಲ್ಲಿ ಪ್ರಕಟವಾದ ಪ್ರಾಗ್ ನಿಯಮವು ಪ್ರಶಂಸಾರ್ಹ. ಸುತ್ತಲೂ ಮಾರ್ಪಟ್ಟ ಉದ್ದವು ‘ಸಿ’, ನಾಲಗೆಯಂತೆ ಚಾಚಿದ್ದನ್ನೂ ಸೇರಿಸಿ ಗರಿಷ್ಠ ಉದ್ದವು ‘ಎಂ’. ‘ಸಿ ೨ ಎಂ ೫’ ಎಂದರೆ ನೋಡದವನಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಅದರ ಕರ್ತೃಗಳು ತಮ್ಮ ನಿಯಮವನ್ನು ತಾವೇ ಪರೀಕ್ಷಿಸಿ ಫಲವನ್ನು ಮುಚ್ಚದೆ ಹೇಳಿದ್ದಾರೆ: ಒಂದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಮಾರ್ಪಾಟನ್ನು ಗುರುತಿಸುವುದರಲ್ಲಿ ಪರೀಕ್ಷಕರ ಐಕಮತ್ಯದ ಅಂಕ ೦.೭೨, ಅದಕ್ಕಿಂತ ಚಿಕ್ಕದರಲ್ಲಿ ೦.೨೨ ಮಾತ್ರ. ತನ್ನ ಸೂತ್ರವು ಎಲ್ಲಿ ಸೋಲುವುದೆಂದು ಸೂತ್ರಕಾರನೇ ಹೇಳುವುದು ವಿರಳ ಗುಣ.

೭. ಸಂಶಯ, ನಿಶ್ಚಯ ಮತ್ತು ಯಂತ್ರ

ಬ್ಯಾರೆಟ್ ಮಾರ್ಪಾಟಿನಲ್ಲಿ ಕ್ಯಾನ್ಸರಿನ ಪೂರ್ವರೂಪವನ್ನು ಗುರುತಿಸಲು ೨೦೧೬ರಲ್ಲಿ ‘ಬಿಂಗ್’ ಎಂಬ ವಿಭಾಗವು ಬಂದಿತು. ಒಳಮೈಯ ವಿನ್ಯಾಸವೂ ನಾಳಗಳ ವಿನ್ಯಾಸವೂ ಕ್ರಮವಾಗಿವೆಯೋ ಅಕ್ರಮವಾಗಿವೆಯೋ ಎಂಬುದೇ ಅದರ ಪ್ರಶ್ನೆ. ಅದರಲ್ಲಿ ಗಮನಾರ್ಹವಾದುದು ಬೇರೆ ಇದೆ. ಪರೀಕ್ಷಕನು ತನ್ನ ನಿರ್ಣಯವು ನಿಶ್ಚಯವೋ ಸಂದಿಗ್ಧವೋ ಎಂಬುದನ್ನೂ ಹೇಳಬೇಕಾಗಿದ್ದಿತು. ಒಟ್ಟು ನಿರ್ಣಯಗಳಲ್ಲಿ ನೂರಕ್ಕೆ ೮೫ ಸರಿಯಾಗಿದ್ದರೆ ನಿಶ್ಚಯದಿಂದ ಹೇಳಿದವುಗಳಲ್ಲಿ ನೂರಕ್ಕೆ ೯೨ ಸರಿಯಾಗಿದ್ದವು. ಸಂಶಯವನ್ನು ಮರೆಸದೆ ಜ್ಞಾನದ ಒಂದು ಭಾಗವಾಗಿಯೇ ದಾಖಲಿಸುವ ಈ ಪದ್ಧತಿಯು ಅನುಕರಣೀಯ.

ಈಚೆಗೆ ಗಣಕಯಂತ್ರಕ್ಕೆ ಚಿತ್ರಗಳನ್ನು ಕಲಿಸಿ ಅದರಿಂದಲೇ ನಿರ್ಣಯ ಹೇಳಿಸುವ ಪ್ರಯತ್ನಗಳಿವೆ. ೨೦೧೯ರಲ್ಲಿ ಜಪಾನಿನ ಹೋರಿಯೆ ಮತ್ತು ಸಂಗಡಿಗರು ಪ್ರಕಟಿಸಿದ ಬರಹದಂತೆ, ೮೪೨೮ ಚಿತ್ರಗಳಿಂದ ಕಲಿತ ಯಂತ್ರವು ೧೧೧೮ ಚಿತ್ರಗಳನ್ನು ೨೭ ಸೆಕೆಂಡುಗಳಲ್ಲಿ ನೋಡಿ, ಕ್ಯಾನ್ಸರಿರುವವರಲ್ಲಿ ನೂರಕ್ಕೆ ೯೮ ಮಂದಿಯನ್ನು ಗುರುತಿಸಿತು. ಅವ್ಯಾಪ್ತಿ ಬಹುತೇಕ ನೀಗಿತೆಂದು ಸಂತೋಷಪಡುವ ಮುನ್ನ ಅದೇ ಬರಹದ ಇನ್ನೊಂದು ಅಂಕವನ್ನು ನೋಡಬೇಕು: ಯಂತ್ರವು ಕ್ಯಾನ್ಸರೆಂದ ಚಿತ್ರಗಳಲ್ಲಿ ನಿಜವಾಗಿ ಹಾಗಿದ್ದುದು ನೂರಕ್ಕೆ ೪೦. ನೆರಳನ್ನೂ ಸಹಜವಾದ ಅಂಗರಚನೆಯನ್ನೂ ಅದು ರೋಗವೆಂದಿತು. ಹಗ್ಗವನ್ನು ಹಾವೆಂದು ಭ್ರಮಿಸುವುದು ಮನುಷ್ಯನಿಗೆ ಮಾತ್ರ ಮೀಸಲಲ್ಲವೆಂದಾಯಿತು. ಬರಹದ ಕರ್ತೃಗಳು ಎರಡು ಅಂಕಗಳನ್ನೂ ಕೊಟ್ಟಿದ್ದಾರೆ. ಮೊದಲನೆಯದನ್ನು ಮಾತ್ರ ಉದ್ಧರಿಸಿ ಯಂತ್ರವನ್ನು ಕೊಂಡಾಡುವವರು ಅರ್ಧವಾಕ್ಯವನ್ನು ಓದಿ ವ್ಯಾಖ್ಯಾನ ಬರೆಯುವ ಟೀಕಾಕಾರರಂತೆ.

ಕೊನೆಯ ಪ್ರಮಾಣವು ಅಂಗಾಂಶದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೆಂದು ಎಲ್ಲರೂ ಒಪ್ಪುತ್ತಾರೆ. ಅಲ್ಲಿಯೂ ಶಬ್ದವಿವಾದವಿದೆ. ಕೋಶಗಳ ರೂಪವು ಕೆಟ್ಟಿದ್ದರೆ ಸಾಕು, ಕ್ಯಾನ್ಸರೆನ್ನುವರು ಜಪಾನಿನವರು. ಕೆಳಪದರವನ್ನು ಭೇದಿಸಿರಲೇಬೇಕೆನ್ನುವರು ಪಾಶ್ಚಾತ್ಯರು. ಒಂದೇ ಚೂರು ಅಲ್ಲಿ ಕ್ಯಾನ್ಸರ್, ಇಲ್ಲಿ ಕ್ಯಾನ್ಸರಿನ ಪೂರ್ವರೂಪ. ಇದನ್ನು ಸಮನ್ವಯಗೊಳಿಸಲು ೨೦೦೦ದಲ್ಲಿ ವಿಯೆನ್ನಾ ವಿಭಾಗವು ಪ್ರಕಟವಾಯಿತು. ಅದು ವಿವಾದಾಸ್ಪದವಾದ ಆ ಎರಡು ಹೆಸರುಗಳನ್ನೂ ಒಂದೇ ವರ್ಗದಲ್ಲಿ ಇಟ್ಟಿತು. ಎರಡು ದೇಶಗಳ ಅಂಕೆಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವವರು ಮೊದಲು ಎರಡು ದೇಶಗಳ ನಿಘಂಟುಗಳನ್ನು ಹೋಲಿಸಬೇಕು.

೮. ಉಪಸಂಹಾರ

ಇಷ್ಟರಿಂದ ಸಿದ್ಧವಾದ ಅಂಶಗಳನ್ನು ಸಂಗ್ರಹಿಸಬಹುದು. ಈ ವಿದ್ಯೆಯ ದರ್ಶನಸಾಧನಗಳು ಅದ್ಭುತವಾದುವು. ಅವುಗಳ ಲಕ್ಷಣವಾಕ್ಯಗಳು ಬಹುಮಟ್ಟಿಗೆ ಪ್ರಾಮಾಣಿಕವಾದುವು. ಕೆಲವೆಡೆ, ವಿಶೇಷವಾಗಿ ನಿಷೇಧಮುಖ ಲಕ್ಷಣಗಳಲ್ಲಿ, ಇನ್ನೂ ಪರಿಷ್ಕಾರಕ್ಕೆ ಎಡೆಯಿದೆ. ಕನ್ನಡದಲ್ಲಿ ಬರೆಯುವವರು ಆಚರಿಸಬೇಕಾದುವು ಮೂರು. ‘ಆರಂಭಿಕ’ವೆಂಬ ಕಾಲವಾಚಕವನ್ನು ಬಿಟ್ಟು ಆಳವನ್ನು ಹೇಳಬೇಕು. ಅರ್ಬುದ, ಗಡ್ಡೆಗಳೆಂಬ ಉಬ್ಬಿನ ಶಬ್ದಗಳನ್ನು ಬಿಟ್ಟು ಕ್ಯಾನ್ಸರೆಂದೇ ಬರೆಯಬೇಕು. ಯಾವ ಅಂಕವನ್ನು ಕೊಟ್ಟರೂ ಅದು ಯಾರನ್ನು ಪರೀಕ್ಷಿಸಿ ಬಂದದ್ದೆಂಬುದನ್ನೂ, ಅದರ ಪ್ರತಿಪಕ್ಷದ ಅಂಕವನ್ನೂ ಜೊತೆಗೆ ಕೊಡಬೇಕು.

‘ಗಡ್ಡೆಯಿಲ್ಲ, ಆರಂಭದಲ್ಲ್ಯೇ ಇದೆ’ ಎಂಬುದಕ್ಕೂ ‘ಕ್ಯಾನ್ಸರ್ ಇದೆ, ಇನ್ನೂ ಮೇಲಿನ ಪೊರೆಯನ್ನು ದಾಟಿಲ್ಲ, ದಾಟುವ ಮುನ್ನ ತೆಗೆದರೆ ಅನ್ನನಾಳ ಉಳಿದೀತು’ ಎಂಬುದಕ್ಕೂ ಇರುವ ಅಂತರವು ಶೈಲಿಯ ಅಂತರವಲ್ಲ. ಮೊದಲನೆಯದನ್ನು ಕೇಳಿದವನು ಊರಿಗೆ ಹಿಂತಿರುಗುವನು. ಎರಡನೆಯದನ್ನು ಕೇಳಿದವನು ಚಿಕಿತ್ಸೆಗೆ ನಿಲ್ಲುವನು. ವಿಷವೈದ್ಯವನ್ನು ಖಗೇಂದ್ರಮಣಿದರ್ಪಣದಲ್ಲಿ ಕನ್ನಡಿಸಿದ ಮಂಗರಾಜನ ಭಾಷೆಗೆ ಈ ಎರಡನೆಯ ವಾಕ್ಯವನ್ನು ಹೇಳುವ ಶಕ್ತಿ ಇಲ್ಲದಿಲ್ಲ. ಅದನ್ನು ಹೇಳುವ ಜಾಗರೂಕತೆಯನ್ನು ವಿದ್ಯಾರ್ಥಿಗಳಿಗೆ ಕಲಿಸುವುದು ಭಾಷೋಪಾಧ್ಯಾಯರ ಕರ್ತವ್ಯವಾಗಿದೆ.